ಲಿಂಗಂಪಲ್ಲಿಯಿಂದ ಆಚೆಗೆ: ಹೈದರಾಬಾದಿನ ಲೋಕಲ್ ಗಾಡಿ ಮತ್ತು ನಮ್ಮ ಜಿಲ್ಲೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಜನರಿಗೆ ಹತ್ತಿರದ ದೊಡ್ಡ ಊರು ಇವತ್ತಿಗೂ ಹೈದರಾಬಾದೇ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿದವು, ಕಚೇರಿಯ ಕಾಗದಪತ್ರಗಳೆಲ್ಲ ಬೆಂಗಳೂರಿನ ದಾರಿ ಹಿಡಿದವು. ಆದರೆ ದೊಡ್ಡ ದವಾಖಾನೆ ಹುಡುಕಿಕೊಂಡು ಹೋಗುವವರ, ಮದುವೆಯ ಬಟ್ಟೆ ಬಂಗಾರ ಕೊಳ್ಳುವವರ, ಕೂಲಿಗೆ ಹೊರಟವರ, ಓದು ಮುಗಿಸಿ ಕಂಪನಿಯ ಕೆಲಸ ಹಿಡಿದ ಮಕ್ಕಳ ದಾರಿ ಬದಲಾಗಲಿಲ್ಲ. ಬೆಂಗಳೂರಿಗೆ ಒಂದಿಡೀ ರಾತ್ರಿಯ ಪ್ರಯಾಣ ಬೇಕು. ಹೈದರಾಬಾದಿಗೆ ನಸುಕಿನಲ್ಲಿ ಗಾಡಿ ಹತ್ತಿದರೆ ಡಾಕ್ಟರರನ್ನು ಕಂಡು ಸಂಜೆಯ ಗಾಡಿಗೆ ಮರಳಬಹುದು.

ನಾನು ಸೇಡಂನಲ್ಲಿ ಹುಟ್ಟಿ ಬೆಳೆದವನು, ಈಗ ಕಲಬುರಗಿಯಲ್ಲಿ ಮಾಸ್ತರನಾಗಿದ್ದೇನೆ. ಮನೆಯವರ ಚಿಕಿತ್ಸೆಗೆಂದು, ಬಂಧುಗಳ ಮಕ್ಕಳನ್ನು ಕಾಲೇಜಿಗೆ ಸೇರಿಸಲೆಂದು ಈ ದಾರಿಯಲ್ಲಿ ಬಹಳ ವರ್ಷಗಳಿಂದ ಓಡಾಡುತ್ತಿದ್ದೇನೆ. ನಮ್ಮ ಕಡೆ ಜನ ಹೈದರಾಬಾದ್ ಪ್ರಯಾಣದ ಬಗ್ಗೆ ಮಾತನಾಡುವಾಗ ಊರಿನಿಂದ ಹೈದರಾಬಾದಿನವರೆಗಿನ ಎಕ್ಸ್‌ಪ್ರೆಸ್ ಗಾಡಿಗಳ ಬಗ್ಗೆ ಮಾತ್ರ ಮಾತನಾಡುತ್ತಾರೆ: ಯಾವುದಕ್ಕೆ ಎಲ್ಲಿ ನಿಲುಗಡೆ ಇದೆ, ಯಾವುದರ ಜನರಲ್ ಬೋಗಿಯಲ್ಲಿ ಜಾಗ ಸಿಗುತ್ತದೆ ಎಂದು. ಊರು ಮುಟ್ಟಿದ ಮೇಲಿನ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಯಾರ ಲೆಕ್ಕದಲ್ಲೂ ಇರುವುದಿಲ್ಲ. ನನ್ನ ಅನುಭವದಲ್ಲಿ ದುಡ್ಡು, ಹೊತ್ತು, ಸಮಾಧಾನ ಮೂರೂ ಹೆಚ್ಚಾಗಿ ಕಳೆದುಹೋಗುವುದು ಅಲ್ಲಿಯೇ. ಆ ಕೊನೆಯ ಭಾಗಕ್ಕೆಂದೇ ಆ ಊರಿನಲ್ಲಿ ಒಂದು ಲೋಕಲ್ ರೈಲಿನ ವ್ಯವಸ್ಥೆ ಇದೆ. ಅದನ್ನು ಎಲ್ಲರೂ ಎಂಎಂಟಿಎಸ್ ಎಂದೇ ಕರೆಯುತ್ತಾರೆ. ಅದರ ದಾರಿಗಳು, ನಿಲ್ದಾಣಗಳು, ಅದು ನಮಗೆ ಒದಗುವ ಬಗೆ ಮತ್ತು ಒದಗದೆ ಹೋಗುವ ಕಾರಣ, ಇವಿಷ್ಟನ್ನು ಇಲ್ಲಿ ವಿವರವಾಗಿ ಬರೆಯಬೇಕೆಂದಿದ್ದೇನೆ.

ಮೊದಲು ಹಳಿಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು, ಏಕೆಂದರೆ ಇಂದಿನ ಲೋಕಲ್ ಗಾಡಿಯ ನಕ್ಷೆ ಪೂರ್ತಿಯಾಗಿ ಹಳೆಯ ಹಳಿಗಳ ನಕ್ಷೆಯೇ ಆಗಿದೆ. ಮುಂಬೈ ಕಡೆಯಿಂದ ಹೊರಟ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ಕಂಪನಿಯ ರೈಲು ಮಾರ್ಗ ಕಲಬುರಗಿ, ವಾಡಿ, ಯಾದಗಿರಿಗಳನ್ನು ಹಾಯ್ದು 1871ರಲ್ಲಿ ರಾಯಚೂರು ಮುಟ್ಟಿತು. ಆ ದಾರಿ ಹೈದರಾಬಾದನ್ನು ಬದಿಗಿಟ್ಟು ಹೋದದ್ದರಿಂದ ನಿಜಾಮರ ಸರ್ಕಾರ ವಾಡಿಯಿಂದ ಸಿಕಂದರಾಬಾದಿಗೆ ತನ್ನದೇ ಮಾರ್ಗವನ್ನು ಹಾಕಿಸಿತು, 1874ರಲ್ಲಿ ಅದರ ಮೇಲೆ ಗಾಡಿ ಓಡಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್, ಶಂಕರಪಲ್ಲಿ, ಲಿಂಗಂಪಲ್ಲಿ, ಬೇಗಂಪೇಟೆ: ಹೈದರಾಬಾದಿಗೆ ಬಂದ ಮೊದಲ ರೈಲು ನಮ್ಮ ಊರುಗಳ ಮೇಲೆಯೇ ಬಂದಿತು. ಹೈದರಾಬಾದ್ ಎಂಬ ಹೆಸರಿನ ನಿಲ್ದಾಣ ನಾಂಪಲ್ಲಿಯಲ್ಲಿ ಆದದ್ದು 1907ರಲ್ಲಿ. ಮೂಸಿ ನದಿಯ ಆಚೆಗಿನ ಹಳೆ ಊರಿನ ಕಡೆಗೆ, ಮುಂದೆ ಮೆಹಬೂಬ್‌ನಗರದ ದಿಕ್ಕಿಗೆ ಹೋಗುವ ದಾರಿ ಕಿರಿದಾದ ಹಳಿಯ ಮೀಟರ್‌ಗೇಜ್ ಆಗಿತ್ತು. ಅದಕ್ಕಾಗಿ ಕಾಚಿಗೂಡದಲ್ಲಿ 1916ರಲ್ಲಿ ಕಟ್ಟಿಸಿದ ಗುಮ್ಮಟಗಳ ಸುಂದರ ನಿಲ್ದಾಣ ಇಂದಿಗೂ ಗಟ್ಟಿಯಾಗಿ ನಿಂತಿದೆ. ಹೀಗೆ ಒಂದೇ ಊರಿನಲ್ಲಿ ಬ್ರಾಡ್‌ಗೇಜ್ ಒಂದು ಕಡೆ, ಮೀಟರ್‌ಗೇಜ್ ಇನ್ನೊಂದು ಕಡೆ ಬೆಳೆದು, ಎರಡೂ ಸಿಕಂದರಾಬಾದಿನಲ್ಲಿ ಕೂಡಿದವು. ಮೀಟರ್‌ಗೇಜ್ ಹಳಿಯನ್ನು ಅಗಲಗೊಳಿಸಿದ ಮೇಲೆಯೇ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಗಾಡಿಯಲ್ಲಿ ಹೋಗುವುದು ಸಾಧ್ಯವಾಯಿತು.

ಅಂದಿನ ಆಂಧ್ರಪ್ರದೇಶ ರಾಜ್ಯ ಸರ್ಕಾರ ಮತ್ತು ದಕ್ಷಿಣ ಮಧ್ಯ ರೈಲ್ವೆ ಜೊತೆಗೂಡಿ ಈ ಹಳೆಯ ಹಳಿಗಳ ಮೇಲೆಯೇ ಲೋಕಲ್ ಗಾಡಿಗಳನ್ನು ಓಡಿಸಲು ತೀರ್ಮಾನಿಸಿದವು. ಹೊಸ ಹಳಿ ಹಾಕಲಿಲ್ಲ, ಇರುವ ಹಳಿಯ ಬದಿಗೆ ಹೊಸ ಪುಟ್ಟ ನಿಲ್ದಾಣಗಳನ್ನು ಕಟ್ಟಿದರು, ಎರಡೂ ತುದಿಗೆ ಚಾಲಕನ ಕೋಣೆಯಿರುವ ವಿದ್ಯುತ್ ಗಾಡಿಗಳನ್ನು ತಂದರು. 2003ರ ಆಗಸ್ಟ್ 9ರಂದು ಸೇವೆ ಆರಂಭವಾಯಿತು. ಕಡಿಮೆ ಖರ್ಚಿನಲ್ಲಿ, ಬೇಗನೆ ಆದ ಕೆಲಸವದು. ಆ ತೀರ್ಮಾನವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಇಂದು ಕಾಣುವ ತೊಡಕುಗಳೆಲ್ಲ ಹುಟ್ಟಿದ್ದು ಅದೇ ತೀರ್ಮಾನದಿಂದ.

ನಮ್ಮ ಕಡೆಯಿಂದ ಹೋಗುವವರ ಕಣ್ಣಿನಿಂದ ನೋಡಿದರೆ ಈ ಲೋಕಲ್‌ನ ಬಾಗಿಲು ಲಿಂಗಂಪಲ್ಲಿ. ಕಲಬುರಗಿಯಿಂದ ವಾಡಿಯ ಮೇಲೆ ಬಂದವರು, ಬೀದರಿನಿಂದ ಜಹೀರಾಬಾದ್ ಮೇಲೆ ಬಂದವರು, ಇಬ್ಬರ ದಾರಿಯೂ ವಿಕಾರಾಬಾದಿನಲ್ಲಿ ಒಂದಾಗಿ ಲಿಂಗಂಪಲ್ಲಿಗೆ ಬರುತ್ತದೆ. ಯಾದಗಿರಿಯವರಲ್ಲಿ ಹಲವರು ವಾಡಿಯಲ್ಲಿ ಗಾಡಿ ಬದಲಿಸಿ ಇದೇ ದಾರಿ ಹಿಡಿಯುತ್ತಾರೆ. ಲಿಂಗಂಪಲ್ಲಿ ಬಿಟ್ಟ ಲೋಕಲ್ ಚಂದಾನಗರ, ಹಫೀಜ್‌ಪೇಟೆ, ಹೈಟೆಕ್ ಸಿಟಿ, ಬೋರಬಂಡ, ಭರತ್‌ನಗರ, ಫತೇನಗರ, ನೇಚರ್ ಕ್ಯೂರ್ ಆಸ್ಪತ್ರೆ ಎಂದು ನಿಲ್ಲುತ್ತ ಬೇಗಂಪೇಟೆಗೆ ಬರುತ್ತದೆ. ಬೇಗಂಪೇಟೆ ದಾಟಿ ಹುಸೇನ್ ಸಾಗರದ ಹತ್ತಿರ ದಾರಿ ಎರಡಾಗುತ್ತದೆ. ಒಂದು ಕವಲು ಸಂಜೀವಯ್ಯ ಪಾರ್ಕ್, ಜೇಮ್ಸ್ ಸ್ಟ್ರೀಟ್ ಮೇಲೆ ಸಿಕಂದರಾಬಾದಿಗೆ ಹೋಗುತ್ತದೆ. ಇನ್ನೊಂದು ಕೆರೆಯ ದಂಡೆಗುಂಟ ನೆಕ್ಲೆಸ್ ರೋಡ್, ಖೈರತಾಬಾದ್, ಲಕ್ಡಿಕಾಪುಲ್ ಹಾಯ್ದು ನಾಂಪಲ್ಲಿಯಲ್ಲಿ ಮುಗಿಯುತ್ತದೆ. ಸಿಕಂದರಾಬಾದಿನಿಂದ ಮುಂದೆ ದಕ್ಷಿಣಕ್ಕೆ ಸೀತಾಫಲ್‌ಮಂಡಿ, ಆರ್ಟ್ಸ್ ಕಾಲೇಜ್, ಜಾಮಿಯಾ ಉಸ್ಮಾನಿಯಾ, ವಿದ್ಯಾನಗರ, ಕಾಚಿಗೂಡ, ಮಲಕ್‌ಪೇಟೆ, ದಬೀರ್‌ಪುರ, ಯಾಕುತ್‌ಪುರ, ಉಪ್ಪುಗೂಡ, ಕೊನೆಗೆ ಫಲಕ್‌ನುಮಾ.

ಹೆಸರುಗಳ ಈ ಸಾಲು ಸುಮ್ಮನೆ ಓದಿದರೆ ನೆನಪಿನಲ್ಲಿ ಉಳಿಯುವುದಿಲ್ಲ, ಕೆಲಸದ ಜೊತೆ ಹೊಂದಿಸಿ ನೋಡಿದರೆ ಉಳಿಯುತ್ತದೆ. ನಮ್ಮವರು ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ಎಂಎನ್‌ಜೆ ಆಸ್ಪತ್ರೆ, ಕೂಸುಗಳನ್ನು ಕರೆದೊಯ್ಯುವ ನಿಲೋಫರ್ ಆಸ್ಪತ್ರೆ ಎರಡೂ ರೆಡ್ ಹಿಲ್ಸ್ ಭಾಗದಲ್ಲಿವೆ. ಅವಕ್ಕೆ ಲಕ್ಡಿಕಾಪುಲ್ ಅಥವಾ ನಾಂಪಲ್ಲಿಯಲ್ಲಿ ಇಳಿಯಬೇಕು. ಪಂಜಾಗುಟ್ಟದ ನಿಮ್ಸ್ ಆಸ್ಪತ್ರೆಗೆ ಹೋಗುವವರು ಖೈರತಾಬಾದಿನಲ್ಲಿ ಇಳಿದು ಮೆಟ್ರೊ ಹಿಡಿದರೆ ಅದು ಎರಡನೆಯ ನಿಲ್ದಾಣ. ಗಾಂಧಿ ಆಸ್ಪತ್ರೆಗೆ ಸಿಕಂದರಾಬಾದಿನ ದಾರಿಯೇ ಸರಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ಹುಡುಗರಿಗೆ ಆರ್ಟ್ಸ್ ಕಾಲೇಜ್ ಮತ್ತು ಜಾಮಿಯಾ ಉಸ್ಮಾನಿಯಾ ನಿಲ್ದಾಣಗಳಿವೆ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಲಿಂಗಂಪಲ್ಲಿಯೇ ಹತ್ತಿರ. ಚಾರ್‌ಮಿನಾರ್ ಕಡೆಗೆ ಹೋಗುವವರು ಯಾಕುತ್‌ಪುರದಲ್ಲಿ ಇಳಿದು ಆಟೊ ಹಿಡಿಯುವುದು ವಾಡಿಕೆ. ಹೈಟೆಕ್ ಸಿಟಿ ಎಂಬ ಹೆಸರು ಮಾತ್ರ ಹೊಸಬರನ್ನು ತೊಡಕಿಗೆ ಸಿಕ್ಕಿಸುತ್ತದೆ: ಲೋಕಲ್ ಗಾಡಿಯ ಹೈಟೆಕ್ ಸಿಟಿ ನಿಲ್ದಾಣವೇ ಬೇರೆ, ಮೆಟ್ರೊದ ಹೈಟೆಕ್ ಸಿಟಿ ನಿಲ್ದಾಣವೇ ಬೇರೆ, ಒಂದರಿಂದ ಇನ್ನೊಂದಕ್ಕೆ ಸಾಮಾನು ಹೊತ್ತು ನಡೆದು ಹೋಗುವಷ್ಟು ಹತ್ತಿರವೂ ಇಲ್ಲ.

ದರದ ವಿಷಯದಲ್ಲಿ ಈ ಗಾಡಿಗೆ ಸಮನಾದದ್ದು ಆ ಊರಿನಲ್ಲಿ ಯಾವುದೂ ಇಲ್ಲ. ಐದು ರೂಪಾಯಿಯಿಂದ ಟಿಕೆಟ್ ಆರಂಭವಾಗುತ್ತದೆ. ಲಿಂಗಂಪಲ್ಲಿಯಲ್ಲಿ ಇಳಿದ ಕುಟುಂಬವೊಂದು ಆಟೊ ಮಾಡಿಕೊಂಡು ನಾಂಪಲ್ಲಿಗೆ ಹೋದರೆ ಆಗುವ ಖರ್ಚಿನಲ್ಲಿ ಅದೇ ಕುಟುಂಬ ಲೋಕಲ್‌ನಲ್ಲಿ ಹಲವು ಬಾರಿ ಹೋಗಿ ಬರಬಹುದು. ಕೂಲಿಯ ದುಡ್ಡನ್ನು ಗಂಟುಕಟ್ಟಿಕೊಂಡು ಚಿಕಿತ್ಸೆಗೆ ಹೊರಟವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮೆಟ್ರೊ ಚೆನ್ನಾಗಿದೆ, ಕೆಲವೇ ನಿಮಿಷಕ್ಕೊಂದು ಬರುತ್ತದೆ, ಆದರೆ ಅದರ ದರ ಹಲವು ಪಟ್ಟು ಹೆಚ್ಚು. ಮೇಲಾಗಿ 2017ರಲ್ಲಿ ಆರಂಭವಾದ ಅದರ ಕೆಂಪು ಮಾರ್ಗ ಮಿಯಾಪುರದಲ್ಲಿಯೇ ನಿಂತುಬಿಟ್ಟಿದೆ, ಲಿಂಗಂಪಲ್ಲಿಯವರೆಗೆ ಬಂದಿಲ್ಲ. ಮಿಯಾಪುರದಿಂದ ಪಟಾನ್‌ಚೆರುವಿಗೆ ಮೆಟ್ರೊ ಎಳೆಯುವ ಪ್ರಸ್ತಾವವಿದೆ. ಅದು ಕೈಗೂಡಿದರೆ ಬೀದರ್, ಹುಮನಾಬಾದಿನಿಂದ ಹೆದ್ದಾರಿಯ ಬಸ್ಸಿನಲ್ಲಿ ಬರುವವರಿಗೆ ಊರಿನ ಅಂಚಿನಲ್ಲಿಯೇ ಮೆಟ್ರೊ ಸಿಗುತ್ತದೆ.

ಇಷ್ಟೆಲ್ಲ ಅನುಕೂಲವಿದ್ದರೂ ನಮ್ಮ ಜನ ಲಿಂಗಂಪಲ್ಲಿಯಲ್ಲಿ ಇಳಿದು ಲೋಕಲ್‌ಗೆ ಕಾಯುವುದಿಲ್ಲ. ಕಾರಣವನ್ನು ನಾನು ಅದೇ ಪ್ಲಾಟ್‌ಫಾರ್ಮಿನ ಮೇಲೆ ಕಣ್ಣಾರೆ ನೋಡಿದ್ದೇನೆ. ಸೇಡಂ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳು, ಜೊತೆಗೆ ಮಗಳು, ಮಗಳ ಕಂಕುಳಲ್ಲಿ ಜ್ವರದ ಕೂಸು. ಲೋಕಲ್ ಬಂದು ನಿಂತಿತು.

“ಯಪ್ಪಾ, ಇದು ನಾಂಪಲ್ಲಿಗಿ ಹೋಗ್ತದೇನ್?” ಎಂದು ಆಕೆ ನನ್ನನ್ನು ಕೇಳಿದಳು.

“ಇಲ್ಲಬೇ ಯವ್ವಾ, ಇದು ಸಿಕಂದರಾಬಾದ್ ಮ್ಯಾಲ ಫಲಕ್‌ನುಮಾಕ್ಕ ಹೋಗ್ತದ. ನಾಂಪಲ್ಲಿದು ಇದರ ಹಿಂದ ಬರ್ತದ.”

“ಹಿಂದ ಅಂದ್ರ ಎಷ್ಟೊತ್ತಿಗಿ?”

ಅದಕ್ಕೆ ಖಚಿತವಾದ ಉತ್ತರ ನನ್ನಲ್ಲಿರಲಿಲ್ಲ. ವೇಳಾಪಟ್ಟಿಯಲ್ಲಿದ್ದ ಹೊತ್ತನ್ನು ಹೇಳಿದೆ, ಅದೇ ಹೊತ್ತಿಗೆ ಬರುತ್ತದೆಂದು ಭರವಸೆ ಕೊಡಲಾಗಲಿಲ್ಲ. ಆಕೆ ಕೂಸಿನ ಮುಖ ನೋಡಿ, ಮಗಳ ಮುಖ ನೋಡಿ, ಹೊರಗೆ ಹೋಗಿ ಆಟೊ ಹತ್ತಿದಳು. ಆಕೆ ಮಾಡಿದ್ದು ಸರಿಯಾಗಿಯೇ ಇತ್ತು. ಓಪಿಡಿಯ ಚೀಟಿ ಕೊಡುವ ಹೊತ್ತು ಮೀರಿದರೆ ಆ ದಿನವೇ ಹಾಳು. ಐದು ರೂಪಾಯಿಯ ಟಿಕೆಟ್ ಎಷ್ಟೇ ಅಗ್ಗವಾಗಿರಲಿ, ಗಾಡಿ ಯಾವಾಗ ಬರುತ್ತದೆಂಬುದು ತಿಳಿಯದಿದ್ದರೆ ಅವಸರದಲ್ಲಿರುವವರಿಗೆ ಅದರಿಂದ ಪ್ರಯೋಜನವಿಲ್ಲ.

ಲೋಕಲ್ ಗಾಡಿ ಹೊತ್ತಿಗೆ ಸರಿಯಾಗಿ ಬಾರದಿರುವುದಕ್ಕೆ ಜನ ಸಿಬ್ಬಂದಿಯನ್ನು ಬೈಯುತ್ತಾರೆ. ಅದು ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ, ಏಕೆಂದರೆ ಮೂಲ ಕಾರಣ ಹಳಿಯಲ್ಲಿದೆ. ಲಿಂಗಂಪಲ್ಲಿಯಿಂದ ಸಿಕಂದರಾಬಾದಿಗೆ ಬರುವ ದಾರಿಯಲ್ಲಿ ಹೋಗಲೊಂದು, ಬರಲೊಂದು ಹಳಿ. ಅದೇ ಹಳಿಯ ಮೇಲೆ ಮುಂಬೈಯ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್, ಭುವನೇಶ್ವರಕ್ಕೆ ಹೋಗುವ ಕೋಣಾರ್ಕ್, ಪುಣೆಯ ಶತಾಬ್ದಿ, ಬೀದರಿನ ಗಾಡಿಗಳು ಎಲ್ಲವೂ ಓಡಬೇಕು. ಗೂಡ್ಸ್ ಗಾಡಿಗಳೂ ಓಡಬೇಕು. ವಾಡಿ, ಮಳಖೇಡ, ಸೇಡಂ, ತಾಂಡೂರಿನ ಸಿಮೆಂಟ್ ಕಾರ್ಖಾನೆಗಳಿಂದ ಹೊರಡುವ ಸರಕಿನಲ್ಲಿ ಪೂರ್ವ ದಿಕ್ಕಿನದು ಈ ಕಡೆಗೇ ಬರುತ್ತದೆ. ನಮ್ಮ ಜಿಲ್ಲೆಗೆ ಕೆಲಸ ಕೊಡುವ ಕಾರ್ಖಾನೆಗಳ ಗಾಡಿಯೂ ನಮ್ಮ ರೋಗಿಗಳು ಕಾಯುವ ಲೋಕಲ್ ಗಾಡಿಯೂ ಒಂದೇ ಹಳಿಗಾಗಿ ಪೈಪೋಟಿ ಮಾಡುತ್ತಿವೆ.

ಇದರಲ್ಲಿ ಲೋಕಲ್ ಗಾಡಿಗೆ ಏಕೆ ಹೆಚ್ಚು ಪೆಟ್ಟು ಬೀಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಎಕ್ಸ್‌ಪ್ರೆಸ್ ಲಿಂಗಂಪಲ್ಲಿ ಬಿಟ್ಟರೆ ಸಾಮಾನ್ಯವಾಗಿ ಬೇಗಂಪೇಟೆಯವರೆಗೆ ನಿಲ್ಲುವುದಿಲ್ಲ. ಲೋಕಲ್ ಎರಡು ಮೂರು ಕಿಲೋಮೀಟರಿಗೊಮ್ಮೆ ನಿಲ್ಲುತ್ತದೆ, ಮತ್ತೆ ವೇಗ ಹಿಡಿಯುತ್ತದೆ, ಮತ್ತೆ ನಿಲ್ಲುತ್ತದೆ. ಮುಂದೆ ಲೋಕಲ್, ಹಿಂದೆ ಎಕ್ಸ್‌ಪ್ರೆಸ್ ಆದರೆ ಎಕ್ಸ್‌ಪ್ರೆಸ್ಸು ಇಕ್ಕಟ್ಟಾದ ಹೊಲದ ದಾರಿಯಲ್ಲಿ ಎತ್ತಿನ ಬಂಡಿಯ ಹಿಂದೆ ಸಿಕ್ಕ ಜೀಪಿನಂತಾಗುತ್ತದೆ, ಬದಿಗೆ ಹಾಯ್ದು ಮುಂದೆ ಹೋಗಲು ಜಾಗವಿಲ್ಲ. ಆದ್ದರಿಂದ ನಿಯಂತ್ರಣ ಕೊಠಡಿಯವರು ಮುಂಚಿತವಾಗಿಯೇ ಲೋಕಲ್ ಗಾಡಿಯನ್ನು ಹೊರಡುವ ನಿಲ್ದಾಣದಲ್ಲಿ ಅಥವಾ ನಡುವಿನ ನಿಲ್ದಾಣದ ಬದಿಯ ಹಳಿಯಾದ ಲೂಪ್ ಲೈನಿನಲ್ಲಿ ತಡೆದು ಎಕ್ಸ್‌ಪ್ರೆಸ್ಸನ್ನು ಬಿಡುತ್ತಾರೆ. ಸಾವಿರ ಕಿಲೋಮೀಟರ್ ದೂರದಿಂದ ಬರುವ ಗಾಡಿ ತಡವಾಗಿ ಬಂದಾಗ ಲೋಕಲ್‌ನ ಲೆಕ್ಕಾಚಾರವೂ ಅದರ ಜೊತೆ ಹಳಿ ತಪ್ಪುತ್ತದೆ. ಸಿಕಂದರಾಬಾದಿನ ಹತ್ತಿರ ನಾಲ್ಕು ದಿಕ್ಕಿನ ಗಾಡಿಗಳು ಕೂಡುವುದರಿಂದ ಪ್ಲಾಟ್‌ಫಾರ್ಮ್ ತೆರವಾಗುವವರೆಗೆ ಹೊರಗಿನ ಸಿಗ್ನಲ್ಲಿನಲ್ಲಿ ಕಾಯುವುದು ಬೇರೆ. ಎರಡು ಲೋಕಲ್‌ಗಳ ನಡುವಿನ ಅಂತರ ಹೆಚ್ಚಾಗಿರುವುದಕ್ಕೂ ಅಂತರ ಏರುಪೇರಾಗುವುದಕ್ಕೂ ಇದೇ ಕಾರಣ.

ಮುಂಬೈಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಆಳಂದ, ಅಫಜಲಪುರದ ಹಳ್ಳಿಗಳಿಂದ, ಯಾದಗಿರಿ ಜಿಲ್ಲೆಯ ತಾಂಡಾಗಳಿಂದ ಕಟ್ಟಡದ ಕೆಲಸಕ್ಕೆ ಮುಂಬೈಗೆ ಹೋದವರನ್ನು ಕೇಳಿ ನೋಡಿ. ಅಲ್ಲಿನ ಲೋಕಲ್ ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ ಎನ್ನುತ್ತಾರೆಯೇ ಹೊರತು, ಗಾಡಿ ಯಾವಾಗ ಬರುತ್ತದೋ ಗೊತ್ತಿಲ್ಲ ಎನ್ನುವುದಿಲ್ಲ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ಗಾಡಿಯ ದಾರಿಯೇ ಇಂದು ಮುಂಬೈಯ ಮಧ್ಯ ಮಾರ್ಗ. ಅಲ್ಲಿ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದಿಂದ ಕಲ್ಯಾಣದವರೆಗೆ ನಿಧಾನದ ಲೋಕಲ್‌ಗೆ ಒಂದು ಜೋಡಿ ಹಳಿ, ವೇಗದ ಲೋಕಲ್‌ಗೆ ಇನ್ನೊಂದು ಜೋಡಿ ಹಳಿ ಇವೆ. ದೂರದ ಗಾಡಿಗಳಿಗೆಂದು ಐದನೆಯ ಮತ್ತು ಆರನೆಯ ಹಳಿಗಳನ್ನು ಹಂತ ಹಂತವಾಗಿ ಹಾಕುತ್ತ ಬಂದಿದ್ದಾರೆ. ಠಾಣೆ–ದಿವಾ ನಡುವಿನ ತುಂಡು 2022ರ ಫೆಬ್ರವರಿಯಲ್ಲಿ ಬಳಕೆಗೆ ಬಂದಿತು. ನಮ್ಮ ಕಲಬುರಗಿಯ ಮೇಲೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣ ದಾಟಿದ ಮೇಲೆ ಲೋಕಲ್‌ಗಳ ನಡುವೆ ಸಿಕ್ಕಿಕೊಳ್ಳುವುದು ಕಡಿಮೆಯಾಗಲೆಂದೇ ಈ ಹಳಿಗಳು ಬಂದವು. ಹಾರ್ಬರ್ ಮಾರ್ಗದ ಲೋಕಲ್‌ಗಳಿಗಂತೂ ಬೇರೆಯದೇ ಹಳಿ ಇದೆ, ಮುಂಬೈಯ ಮೊದಲ ವಿದ್ಯುತ್ ಗಾಡಿ 1925ರ ಫೆಬ್ರವರಿ 3ರಂದು ಓಡಿದ್ದು ಅದರ ಮೇಲೆಯೇ. ಮುಂಬೈಯಲ್ಲಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಲೋಕಲ್‌ಗಳು ಓಡುತ್ತವೆ, ಹೈದರಾಬಾದಿನಲ್ಲಿ ಓಡುವುದು ನೂರರ ಆಸುಪಾಸಿನಲ್ಲಿ. ಎರಡು ಊರುಗಳ ಜನಸಂಖ್ಯೆಯ ವ್ಯತ್ಯಾಸ ಈ ಅಂತರವನ್ನು ವಿವರಿಸಲಾರದು, ಹಳಿಯ ವ್ಯತ್ಯಾಸ ವಿವರಿಸುತ್ತದೆ.

ಬೆಂಗಳೂರಿನ ಉಪನಗರ ರೈಲಿನ ಬಗ್ಗೆ ಒಂದು ಮಾತು. 2020ರಲ್ಲಿ ಕೇಂದ್ರದ ಒಪ್ಪಿಗೆ ಪಡೆದು 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಆ ಯೋಜನೆಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಮಾರ್ಗಗಳಿವೆ, ಒಟ್ಟು ಉದ್ದ ಸುಮಾರು 148 ಕಿಲೋಮೀಟರ್. ಕೆಲಸ ನಿಧಾನವಾಗಿ ಸಾಗುತ್ತಿರುವುದಕ್ಕೆ ಅಲ್ಲಿನವರು ಬೇಸರಪಡುತ್ತಾರೆ, ಅದು ಸಹಜ. ಆದರೆ ಲೋಕಲ್ ಗಾಡಿಗೆಂದು ಪ್ರತ್ಯೇಕ ಹಳಿಯನ್ನೇ ಹಾಕುವ ತೀರ್ಮಾನ ಸರಿಯಾದದ್ದು. ಹಣ ಉಳಿಸಲೆಂದು ಇರುವ ಹಳಿಯ ಮೇಲೆಯೇ ಓಡಿಸೋಣ ಎಂಬ ಮಾತು ಯಾವಾಗಲಾದರೂ ಮತ್ತೆ ಎದ್ದರೆ ಹೈದರಾಬಾದಿನ ಇಪ್ಪತ್ತು ವರ್ಷಗಳ ಅನುಭವವನ್ನು ಮುಂದಿಡಬೇಕು.

ಹೈದರಾಬಾದಿನಲ್ಲಿಯೂ ವಿಸ್ತರಣೆ ನಡೆದಿದೆ. 2012–13ರಲ್ಲಿ ಮಂಜೂರಾದ ಎರಡನೆಯ ಹಂತದಲ್ಲಿ ಖರ್ಚಿನ ಮೂರರಲ್ಲಿ ಎರಡು ಪಾಲು ರಾಜ್ಯದ್ದು, ಒಂದು ಪಾಲು ರೈಲ್ವೆಯದ್ದು ಎಂದಾಗಿತ್ತು. ಪಾಲಿನ ಹಣದ ಎಳೆದಾಟದಲ್ಲಿ ವರ್ಷಗಳು ಕಳೆದವು. ಕೊನೆಗೆ 2023ರ ಏಪ್ರಿಲ್ 8ರಂದು ಉತ್ತರದ ಮೇಡ್ಚಲ್ ಮತ್ತು ದಕ್ಷಿಣದಲ್ಲಿ ಶಂಶಾಬಾದ್ ದಿಕ್ಕಿನ ಉಮ್ದಾನಗರದವರೆಗೆ ಲೋಕಲ್ ಹೋಯಿತು. 2024ರ ಮಾರ್ಚ್ 5ರಂದು ಪೂರ್ವದ ಘಟ್‌ಕೇಸರ್‌ನಿಂದ ಮೌಲಾ ಅಲಿ, ಸನತ್‌ನಗರದ ಮೇಲೆ ಲಿಂಗಂಪಲ್ಲಿಗೆ ಸೇವೆ ಆರಂಭವಾಯಿತು. ಲಿಂಗಂಪಲ್ಲಿಯ ಪಕ್ಕದ ತೆಲ್ಲಾಪುರದಿಂದ ರಾಮಚಂದ್ರಾಪುರದ ಕಡೆಗೆ ಹೋಗುವ ಪುಟ್ಟ ಕವಲೂ ಇದೇ ಹಂತದ್ದು.

ಇವುಗಳಲ್ಲಿ ನಮಗೆ ಮುಖ್ಯವಾದದ್ದು ಸನತ್‌ನಗರ–ಮೌಲಾ ಅಲಿ ಮಾರ್ಗ. ಸುಮಾರು 22 ಕಿಲೋಮೀಟರಿನ ಈ ಹಳಿ ಮೊದಲು ಸಿಕಂದರಾಬಾದನ್ನು ತಪ್ಪಿಸಿ ಹೋಗುವ ಗೂಡ್ಸ್ ಗಾಡಿಗಳ ಒಂಟಿ ಹಳಿಯಾಗಿತ್ತು. ಈಗ ಜೋಡಿಯಾಗಿದೆ, ವಿದ್ಯುತ್ ಬಂದಿದೆ, ಫಿರೋಜ್‌ಗುಡ, ಸುಚಿತ್ರಾ ಸೆಂಟರ್, ಭೂದೇವಿನಗರ, ಅಮ್ಮುಗುಡ, ನೆರೇಡ್‌ಮೆಟ್, ಮೌಲಾ ಅಲಿ ಹೌಸಿಂಗ್ ಬೋರ್ಡ್ ಎಂಬ ಆರು ಹೊಸ ನಿಲ್ದಾಣಗಳಾಗಿವೆ. ಇದರ ಬೆಲೆ ತಿಳಿಯಬೇಕಾದರೆ ಚೆರ್ಲಪಲ್ಲಿಯನ್ನು ಜೊತೆಗಿಟ್ಟು ನೋಡಬೇಕು. ಸಿಕಂದರಾಬಾದ್ ನಿಲ್ದಾಣವನ್ನು ಕೆಡವಿ ಹೊಸದಾಗಿ ಕಟ್ಟುತ್ತಿರುವುದರಿಂದ ಅಲ್ಲಿನ ಒತ್ತಡ ಇಳಿಸಲು ಊರಿನ ಪೂರ್ವದ ಅಂಚಿನಲ್ಲಿ ಚೆರ್ಲಪಲ್ಲಿ ಎಂಬ ಹೊಸ ಟರ್ಮಿನಲ್ ಕಟ್ಟಿ 2025ರ ಜನವರಿ 6ರಂದು ಉದ್ಘಾಟಿಸಿದರು, ಹಲವು ದೂರದ ಗಾಡಿಗಳು ಅಲ್ಲಿಗೆ ಸ್ಥಳಾಂತರವಾದವು. ನಮ್ಮ ಕಡೆಯಿಂದ ಹೋಗಿ ವಿಜಯವಾಡ, ವಿಶಾಖಪಟ್ಟಣದ ಕಡೆಗೆ ಗಾಡಿ ಬದಲಿಸುವವರು ಇನ್ನು ಮುಂದೆ ಟಿಕೆಟ್ ತೆಗೆಯುವಾಗ ಹೊರಡುವ ನಿಲ್ದಾಣದ ಹೆಸರನ್ನು ಎಚ್ಚರಿಕೆಯಿಂದ ಓದಬೇಕು. ಲಿಂಗಂಪಲ್ಲಿಯಲ್ಲಿ ಇಳಿದವರು ಚೆರ್ಲಪಲ್ಲಿ ಮುಟ್ಟಲು ಇಡೀ ಊರನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಬೇಕು. ಅದಕ್ಕೆ ಹೇಳಿ ಮಾಡಿಸಿದಂತಿರುವುದು ಸಿಕಂದರಾಬಾದಿನ ಗೊಡವೆಯೇ ಇಲ್ಲದ ಈ ಮೌಲಾ ಅಲಿ ಮಾರ್ಗ. ಆದರೆ ಅದರ ಮೇಲೆ ಓಡುವ ಲೋಕಲ್‌ಗಳು ಬೆರಳೆಣಿಕೆಯಷ್ಟು. ಹಳಿ ಇದೆ, ನಿಲ್ದಾಣವಿದೆ, ಗಾಡಿ ಮಾತ್ರ ಸಾಕಷ್ಟು ಇಲ್ಲ. ಕೈಗೆ ಬಂದ ಇಂಥದೊಂದು ಅನುಕೂಲ ಬಳಕೆಯಾಗದೆ ಉಳಿದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ತಾಂಡೂರು, ಸೇಡಂ ಕಡೆಯ ಸಭೆಗಳಲ್ಲಿ ಆಗಾಗ ಎಂಎಂಟಿಎಸ್ ಗಾಡಿಯನ್ನು ವಿಕಾರಾಬಾದಿನವರೆಗೆ ತನ್ನಿ, ಸಾಧ್ಯವಾದರೆ ನಮ್ಮ ಜಿಲ್ಲೆಯ ಗಡಿಯವರೆಗೂ ತನ್ನಿ ಎಂಬ ಬೇಡಿಕೆ ಕೇಳಿಬರುತ್ತದೆ. ಬೇಡಿಕೆ ಇಡುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ, ಬೇಡಿಕೆಯನ್ನು ಮಾತ್ರ ಒಪ್ಪುವುದಿಲ್ಲ. ಎರಡು ಮೂರು ಕಿಲೋಮೀಟರಿಗೊಮ್ಮೆ ನಿಲ್ಲಲು ತಯಾರಾದ, ಶೌಚಾಲಯವಿಲ್ಲದ ಗಾಡಿಯಲ್ಲಿ ಅಷ್ಟು ದೂರ ಬರುವುದು ವಯಸ್ಸಾದವರಿಗೆ, ರೋಗಿಗಳಿಗೆ ಸುಖವಲ್ಲ. ಅದಕ್ಕಿಂತ ಹೆಚ್ಚಾಗಿ, ಇರುವ ಕೆಲವೇ ಲೋಕಲ್‌ಗಳನ್ನು ದೂರಕ್ಕೆ ಎಳೆದಷ್ಟೂ ಊರಿನೊಳಗಿನ ಓಡಾಟದ ಅಂತರ ಹೆಚ್ಚುತ್ತದೆ. ಊರಿನಿಂದ ಲಿಂಗಂಪಲ್ಲಿಯವರೆಗೆ ನಮಗೆ ಬೇಕಾದದ್ದು ನಸುಕಿನಲ್ಲಿ ಹೊರಟು ಸಂಜೆ ಮರಳುವ, ಜನರಲ್ ಬೋಗಿಗಳು ಹೆಚ್ಚಿರುವ ಸಾಮಾನ್ಯ ಗಾಡಿ. ಲಿಂಗಂಪಲ್ಲಿಯಿಂದ ಆಚೆಗೆ ಬೇಕಾದದ್ದು ಹೊತ್ತು ತಪ್ಪದ ಲೋಕಲ್. ಎರಡೂ ಬೇರೆ ಬೇರೆ ಕೆಲಸಗಳು, ಒಂದೇ ಗಾಡಿಯಿಂದ ಮಾಡಿಸಲು ಹೋದರೆ ಎರಡೂ ಕೆಡುತ್ತವೆ.

ಲಿಂಗಂಪಲ್ಲಿಯಿಂದ ಸಿಕಂದರಾಬಾದ್‌ವರೆಗೆ ಮೂರನೆಯ ಮತ್ತು ನಾಲ್ಕನೆಯ ಹಳಿ ಬಂದರೆ ಮಾತ್ರ ಮುಂಬೈಯಂತಹ ಭರವಸೆ ಬರುತ್ತದೆ. ಊರು ಹಳಿಯ ಎರಡೂ ಬದಿಗೆ ಒತ್ತಿಕೊಂಡು ಬೆಳೆದಿರುವುದರಿಂದ ಅದು ಸುಲಭವಲ್ಲ, ಭೂಮಿಯ ಬೆಲೆಯನ್ನು ನೆನೆದರೆ ಅಗ್ಗವೂ ಅಲ್ಲ. ಆದರೆ ಹಳಿ ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಬೆಳಗಿನ ಹೊತ್ತು ಕಲಬುರಗಿ ಮತ್ತು ಬೀದರಿನ ಕಡೆಯಿಂದ ಬರುವ ಗಾಡಿಗಳು ಲಿಂಗಂಪಲ್ಲಿ ಮುಟ್ಟಿದ ಕಾಲು ತಾಸಿನೊಳಗೆ ನಾಂಪಲ್ಲಿಗೆ ಒಂದು ಲೋಕಲ್ ಹೊರಡುವಂತೆ ವೇಳಾಪಟ್ಟಿಯನ್ನು ಹೊಂದಿಸಬೇಕು, ನಮ್ಮ ಗಾಡಿ ಸ್ವಲ್ಪ ತಡವಾದರೆ ಆ ಒಂದು ಲೋಕಲ್ ಅದಕ್ಕಾಗಿ ಕಾಯಬೇಕು. ಸಂಜೆ ಮರಳುವಾಗಲೂ ಹಾಗೆಯೇ. ಜೊತೆಗೆ ಲಿಂಗಂಪಲ್ಲಿಯ ಪ್ಲಾಟ್‌ಫಾರ್ಮಿನ ಮೇಲೆ ಮುಂದಿನ ಲೋಕಲ್ ಎಲ್ಲಿಗೆ, ಯಾವಾಗ ಎಂಬುದನ್ನು ಕನ್ನಡದಲ್ಲಿಯೂ ಹೇಳಿದರೆ ಅಕ್ಷರ ಬಾರದ ನಮ್ಮ ಹಿರಿಯರು ಪ್ರತಿ ಗಾಡಿಗೂ ಯಾರನ್ನೋ ಕೇಳುತ್ತ ನಿಲ್ಲಬೇಕಾಗುವುದಿಲ್ಲ. ಇದಕ್ಕೆ ಹೊಸ ಹಳಿ ಬೇಡ, ಹೆಚ್ಚಿನ ಹಣವೂ ಬೇಡ.

ಕೇಳುವುದು ಯಾರನ್ನು ಎಂಬಲ್ಲಿ ನಮ್ಮ ಪ್ರದೇಶಕ್ಕೆ ವಿಶೇಷವಾದ ಕಷ್ಟವಿದೆ. ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ. ಬೀದರ್ ಮತ್ತು ಸೇಡಂ ಸಿಕಂದರಾಬಾದ್ ವಿಭಾಗದಲ್ಲಿವೆ. ಯಾದಗಿರಿ ಗುಂತಕಲ್ ವಿಭಾಗದಲ್ಲಿದೆ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ 110 ಕಿಲೋಮೀಟರಿನ ಬೀದರ್–ಕಲಬುರಗಿ ಮಾರ್ಗ ನಮ್ಮ ಎರಡು ಜಿಲ್ಲಾ ಕೇಂದ್ರಗಳನ್ನು ಹಳಿಯಿಂದ ಜೋಡಿಸಿತಾದರೂ, ಆಡಳಿತದಲ್ಲಿ ನಾವು ಮೂರು ತುಂಡುಗಳಾಗಿಯೇ ಉಳಿದಿದ್ದೇವೆ. ಒಂದೇ ಗಾಡಿಯ ಹೊತ್ತಿನ ಬಗ್ಗೆ ಕಲಬುರಗಿಯವರು ಒಂದು ಕಡೆ, ಬೀದರಿನವರು ಇನ್ನೊಂದು ಕಡೆ ಮನವಿ ಕೊಡುತ್ತಾರೆ, ಎರಡು ಮನವಿಗಳು ಎಂದೂ ಒಂದೇ ಮೇಜಿನ ಮೇಲೆ ಬರುವುದಿಲ್ಲ. ಆದ್ದರಿಂದ ಲಿಂಗಂಪಲ್ಲಿಯ ಜೋಡಣೆಯ ಈ ಒಂದು ಕೋರಿಕೆಯನ್ನಾದರೂ ಮೂರೂ ಜಿಲ್ಲೆಯವರು ಒಂದೇ ಒಕ್ಕಣೆಯಲ್ಲಿ ಬರೆದು, ಲೋಕಲ್ ಗಾಡಿ ಓಡಿಸುವ ಸಿಕಂದರಾಬಾದ್ ವಿಭಾಗದ ರೈಲು ಬಳಕೆದಾರರ ಸಲಹಾ ಸಮಿತಿಗೆ ಕೊಟ್ಟು, ಅದರ ಪ್ರತಿಯನ್ನು ಸೊಲ್ಲಾಪುರ ಮತ್ತು ಗುಂತಕಲ್‌ಗೆ ಕಳುಹಿಸಬೇಕು. ಒಕ್ಕಣೆಯ ಕರಡನ್ನು ನಾನು ಸಿದ್ಧಪಡಿಸುತ್ತಿದ್ದೇನೆ. ಚಿತ್ತಾಪುರ, ಸೇಡಂ, ಹುಮನಾಬಾದ್, ಗುರುಮಠಕಲ್ ಕಡೆಯಿಂದ ಚಿಕಿತ್ಸೆಗಾಗಿ ಹೋಗಿಬರುವವರು ತಾವು ಹಿಡಿಯುವ ಗಾಡಿ, ಲಿಂಗಂಪಲ್ಲಿ ಮುಟ್ಟುವ ಹೊತ್ತು, ಅಲ್ಲಿಂದ ಹೋಗಬೇಕಾದ ದವಾಖಾನೆಯ ಹೆಸರು, ಇಷ್ಟನ್ನು ತಿಳಿಸಿದರೆ ಯಾವ ಯಾವ ಹೊತ್ತಿನ ಲೋಕಲ್ ಬೇಕೆಂಬುದನ್ನು ಅದರಲ್ಲಿ ಖಚಿತವಾಗಿ ನಮೂದಿಸುತ್ತೇನೆ.